ಹೆಗಲಮ್ಮನ ಗುಡ್ಡ

ಕರಿಗುಂಡಿಯ ಬಸ್ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನೋಡಿದರೆ, ಬಂಡೆಗಳನ್ನು ಯಾರೋ ತಂದು ಸುರಿದು ಮರೆತುಹೋದಂತೆ ಕಾಣುವ ಒಂದು ಗುಡ್ಡವಿದೆ. ಅದರ ನಡುವಿನ ಚಿಕ್ಕ ಕಲ್ಲುಗುಡಿಯಲ್ಲಿ ನೆಲೆಸಿರುವವಳು ಹೆಗಲಮ್ಮ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಸಾಕಿದ ತಾಯಿಯಾದ್ದರಿಂದ ಈ ಹೆಸರು ಬಂತೆಂದು ಗುಡ್ಡದ ಬುಡದ ಫಲಕದಲ್ಲಿ ಬರೆಸಿದ್ದಾರೆ. ಬರೆಸಿದವರು ಗುಡ್ಡ ಹತ್ತಿ ನೋಡಿದಂತಿಲ್ಲ. ಅಮ್ಮನ ಹೆಗಲ ಮೇಲೆ ಮಗುವೂ ಇಲ್ಲ, ಮರಿಯೂ ಇಲ್ಲ, ಇರುವುದು ಬತ್ತಳಿಕೆಯೊಂದೇ. ಹೆಸರಿನಲ್ಲಿರುವ ಹೆಗಲು ಬೇರೆಯವನದು.

ಹಿಂದೆ ಒಮ್ಮೆ, ಈ ಸೀಮೆ ಒಬ್ಬ ನಾಯಕನ ಆಳ್ವಿಕೆಯಲ್ಲಿದ್ದಾಗ, ಕರಿಗುಂಡಿಯ ಕೆರೆಗೆ ಭರಮನೆಂಬ ನೀರಗಂಟಿಯಿದ್ದನು ಎನ್ನುತ್ತಾರೆ. ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಒಂದು ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿದು, ಕೆರೆಯ ಏರಿ ಊರಿನ ಕಡೆಗೆ ಬಿರಿಯತೊಡಗಿತು. ಭರಮ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಓಡಿದವನೇ, ಏರಿಯ ಇನ್ನೊಂದು ತುದಿಯನ್ನು ಕೈಯಾರೆ ಕಡಿದು ನೀರನ್ನು ಆಚೆಗೆ ಬಿಟ್ಟನು. ಊರು ಉಳಿಯಿತು, ಆಚೆಯಿದ್ದ ನಾಯಕನ ಕಬ್ಬಿನ ತೋಟ ಕೊಚ್ಚಿಹೋಯಿತು. ಕೆರೆ ಒಡೆಯುವುದು ಮಹಾಪಾಪವೆಂದು ಆ ಕಾಲದ ಶಾಸನಗಳೇ ಸಾರುತ್ತಿದ್ದವು. ನಾಯಕನಿಗೆ ಅಷ್ಟು ನೆಪ ಸಾಕಾಯಿತು; ಭರಮನ ತಲೆ ತೆಗೆಸಿದನು. ಅವನಿಂದ ಉಳಿದ ಊರು ಅಂದು ತುಟಿ ಬಿಚ್ಚಲಿಲ್ಲ. ಇದನ್ನು ಹೇಳುವಾಗ ನಮ್ಮ ಊರಿನವರಿಗೆ ಇಂದಿಗೂ ತಲೆ ತಗ್ಗುತ್ತದೆ.

ಇಷ್ಟಾದರೂ ನಾಯಕನ ಹೊಟ್ಟೆಯುರಿ ಆರಲಿಲ್ಲ. ಗುಡ್ಡದ ಮೇಲೆ ಅವನು ಕಟ್ಟಿಸುತ್ತಿದ್ದ ಗುಡಿಗೆ ರಕ್ಕಸನನ್ನು ಮೆಟ್ಟಿ ನಿಂತ ದೇವಿಯ ಮೂರ್ತಿ ಬೇಕಾಗಿತ್ತು. ಶಿಲ್ಪಿ ಮಾಚೋಜನನ್ನು ಕರೆಸಿ, ರಕ್ಕಸನಿಗೆ ಭರಮನ ಮುಖವನ್ನೇ ಇಡಬೇಕು, ಗುಡಿಗೆ ಬಂದವರೆಲ್ಲ ಮೊದಲು ಆ ಮುಖಕ್ಕೆ ಉಗುಳಿ ಆಮೇಲೆ ಕೈಮುಗಿಯಬೇಕು ಎಂದು ಅಪ್ಪಣೆ ಮಾಡಿದನು. ಒಲ್ಲೆನೆಂದರೆ ಮಾಚೋಜನ ಕೈ ಉಳಿಯುತ್ತಿರಲಿಲ್ಲ. ಅವನಲ್ಲದಿದ್ದರೆ ಇನ್ನೊಬ್ಬ ಬಂದು ಕಡೆಯುತ್ತಿದ್ದ, ಅಷ್ಟೆ.

ಮಾಚೋಜ ರಕ್ಕಸರನ್ನು ಕಡೆಯುವುದರಲ್ಲಿ ಪಳಗಿದ ಕೈ. ದೇವರ ಮುಖಕ್ಕೆ ಹುಬ್ಬು ಇಷ್ಟು, ತುಟಿ ಇಷ್ಟು ಎಂಬ ಅಳತೆಯುಂಟು. ಎಳ್ಳಿನಷ್ಟೂ ಆಚೀಚೆ ಆಗುವಂತಿಲ್ಲ. ರಕ್ಕಸನ ಮುಖಕ್ಕೆ ಅಂಥ ಕಟ್ಟುನಿಟ್ಟಿಲ್ಲ. ದುಂಡುಗಣ್ಣು, ಕೋರೆಹಲ್ಲು ಇಟ್ಟರಾಯಿತು, ಉಳಿದದ್ದು ಶಿಲ್ಪಿಯ ಮರ್ಜಿ. ಹೀಗಾಗಿ ಜಗಳಗಂಟ ನೆರೆಯವನ ಮೂಗು, ಸುಂಕದವನ ಹುರಿಮೀಸೆ ಎಷ್ಟೋ ಗುಡಿಗಳ ರಕ್ಕಸರ ಮೇಲೆ ಬಂದು ಕೂತಿದ್ದವು. ಬಂಡೆಯ ಮುಂದೆ ಕೂತ ಮಾಚೋಜನಿಗೆ ಈಗ ಒಂದು ಮಾತು ಹೊಳೆಯಿತು. ಹುಟ್ಟಾ ಕೋರೆಯಿದ್ದ ರಕ್ಕಸನನ್ನು ಅವನು ಎಂದೂ ಕಂಡಿರಲಿಲ್ಲ. ಕೋರೆ ಇಡುತ್ತ ಬಂದವನು ಅವನೇ.

ಆ ಹೊತ್ತಿಗೆ ಭರಮನ ಹೆಂಡತಿ ಕೆಂಚವ್ವ ಮಾಚೋಜನ ಕೆಲಸದ ಚಪ್ಪರಕ್ಕೆ ಬಂದು ನಿಂತಳು.

“ಯಣ್ಣಾ, ಎಲ್ಲಾರಿಗಿಂತ ಮೊದಲ ನಾನಽ ಉಗುಳಬೇಕಂತ. ನಾಯಕರ ಮಂದಿ ಬಂದು ಹೇಳಿ ಹೋದ್ರು.”

ಮಾಚೋಜ ಉಳಿ ಕೆಳಗಿಟ್ಟನು. “ನಾ ಏನ್ ಮಾಡ್ಲವ್ವಾ?”

“ತಲಿ ಹೋದದ್ದು ಹೋತು. ಅವನ ಮಾರಿ, ಆ ಮುಖಾನಾದ್ರೂ ಉಳಿಸಿಕೊಡು.”

ಮಾಚೋಜ ಭರಮನ ಮುಖವನ್ನೇ ಕಡೆದನು. ಅಪ್ಪಣೆಯಾದಂತೆ ಕೋರೆಯನ್ನೂ ಇಟ್ಟನು. ಆದರೆ ದೇವಿಯ ಪಾದ ಎಲ್ಲಿರಬೇಕೆಂದು ನಾಯಕ ಹೇಳಿರಲಿಲ್ಲ. ವಾಡಿಕೆಯಲ್ಲಿ ಬೆನ್ನನ್ನು ಮೆಟ್ಟಬೇಕಾದ ಆ ಪಾದವನ್ನು ಮಾಚೋಜ, ಭರಮ ಗುದ್ದಲಿ ಹೊರುತ್ತಿದ್ದ ಹೆಗಲ ಮೇಲೆ ತಂದಿಟ್ಟು, ಅವನ ಕೆನ್ನೆಯನ್ನು ಅದಕ್ಕೆ ಆನಿಸಿದನು. ಅಮ್ಮನ ಕಾಲ್ಬೆರಳು ಅವನ ತುಟಿಯ ಪಕ್ಕಕ್ಕೇ ಬಂತು.

ಪ್ರತಿಷ್ಠೆ ಮುಗಿದು ಅಮ್ಮನ ಕಣ್ಣು ತೆರೆಸಿದ ಮೇಲೆ ಕೆಂಚವ್ವನನ್ನು ಮುಂದೆ ತಂದು ನಿಲ್ಲಿಸಿದರು. ಊರೆಲ್ಲ ನೆರೆದಿತ್ತು. ಆಕೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಾಯಕನ ಕಡೆಗೆ ತಿರುಗಿ, “ಎಲ್ಲಿ ಉಗುಳ್ಲಿ, ದೊರೀ? ಅಲ್ಲಿ ಅವ್ವನ ಪಾದ ಐತಲ್ಲ,” ಎಂದಳು.

ಅರ್ಚಕ ಗಡಬಡಿಸಿ ಅಡ್ಡ ಬಂದನು. ಪಾದಕ್ಕೆ ಎಂಜಲು ಸಿಡಿದರೆ ಸೀಮೆಗೇ ಕೇಡು ಎಂದನು. ಪ್ರಾಣ ತುಂಬಿದ ಮೂರ್ತಿಯನ್ನು ಒಡೆಸುವ ಧೈರ್ಯ ನಾಯಕನಿಗೂ ಇರಲಿಲ್ಲ. ಅವನು ಮಾಚೋಜನನ್ನು ದುರುಗುಟ್ಟಿ ನೋಡಿದನು; ಮಾಚೋಜ ನೆಲ ನೋಡುತ್ತ ನಿಂತಿದ್ದನು. ಕೆಂಚವ್ವ ಮಾತ್ರ ಯಾರನ್ನೂ ಕೇಳದೆ ಒಳಗೆ ಹೋಗಿ, ಗಂಡನ ಹೆಗಲ ಮೇಲೆ ಕೈಯಿಟ್ಟು ಅಳತೊಡಗಿದಳು. ಅವನು ಸತ್ತ ದಿನ ಅಳುವುದಕ್ಕೂ ಆಕೆಗೆ ಬಿಟ್ಟಿರಲಿಲ್ಲ. “ಋಷಿಗಳು ತಪಸ್ಸು ಮಾಡಿದ್ರೂ ಸಿಗಲಾರದ ಪಾದ ನಿನ್ನ ಹೆಗಲ ಮ್ಯಾಲ ಬಂದೈತಿ,” ಎಂದು ಆಕೆ ಅಂದದ್ದನ್ನು ಹೊರಗಿದ್ದವರೆಲ್ಲ ಕೇಳಿಸಿಕೊಂಡರು. ಒಬ್ಬೊಬ್ಬರಾಗಿ ಒಳಗೆ ಬಂದು ಅವರೂ ಆ ಹೆಗಲನ್ನು ಮುಟ್ಟಿದರು. ನಾಯಕನು ಅಮ್ಮನಿಗೆ ಇಡಿಸಿದ್ದ ಉದ್ದನೆಯ ಸಂಸ್ಕೃತ ಹೆಸರು ಅಂದೇ ಬಿದ್ದುಹೋಗಿ, ಹೆಗಲಮ್ಮ ಎಂಬುದೇ ನಿಂತಿತು ಎನ್ನುತ್ತಾರೆ.

ಈಗಲೂ ಗುಡ್ಡ ಹತ್ತಿ ಬಂದವರು ಅಮ್ಮನ ಪಾದಕ್ಕೆ ಕೈ ಚಾಚಿದರೆ ಮೊದಲು ತಾಗುವುದು ಅವನ ಹೆಗಲು. ದೂರದಿಂದ ಬಂದವರು ರಕ್ಕಸನನ್ನು ಮುಟ್ಟಬಹುದೇ ಎಂದು ಅನುಮಾನಿಸುತ್ತಾರೆ. ಆದರೆ ಊರಿನ ಹೆಂಗಸರ ಎದುರು ಯಾರೂ ಅವನನ್ನು ರಕ್ಕಸ ಎನ್ನುವ ಹಾಗಿಲ್ಲ. “ಅವ ನಮ್ಮ ಭರಮಣ್ಣರೀ,” ಎಂದು ತಿದ್ದಿ, ಅವರು ಅವನ ಹಣೆಗೂ ಒಂದು ಬೊಟ್ಟು ಕುಂಕುಮ ಇಡುತ್ತಾರೆ.