ಮೇಲಿನ ಹಲಗೆಯ ನೀಲಿ

"ಗುರುಗಳೇ, ಹೊಸ ದಾರಿ ಹುಡುಕುವಾಗ ನಾಲ್ಕು ಜನಕ್ಕೆ ಪೆಟ್ಟಾಗುವುದು ಸಹಜವಲ್ಲವೇ?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಹೊಸದಾಗಿ ಸೇರಿದ ಆರು ಮಂದಿಯನ್ನು ಗುರುಗಳು ಈ ಶಿಷ್ಯನ ಕೈಗೆ ಒಪ್ಪಿಸಿದ್ದರು. ಹಸಿದಿದ್ದರೆ ಮನಸ್ಸು ಬೇಗ ನಿಲ್ಲುತ್ತದೆಯೋ ಎಂದು ನೋಡಲು ಅವನು ಅವರಿಗೆ ದಿನಕ್ಕೊಂದು ಹಿಡಿ ನೆನೆಸಿದ ಹೆಸರುಕಾಳು ಮಾತ್ರ ಕೊಡಿಸಿದ್ದ. ಹನ್ನೊಂದನೆಯ ದಿನ ಅವರಲ್ಲಿ ಹಿರಿಯನೊಬ್ಬ ಬಾವಿಕಟ್ಟೆಯ ಮೇಲೆ ತಲೆಸುತ್ತಿ ಬಿದ್ದು ಹಣೆ ಒಡೆದುಕೊಂಡ. ಗುರುಗಳು ಅವನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದರು. ಪ್ರಶ್ನೆ ಕೇಳಿ ಅವರ ಮುಖ ಕೆಂಪಾಯಿತು.

"ಕೂತುಕೋ. ಎದ್ದು ಹೋಗಬೇಡ" ಎಂದು ಗುರುಗಳು ಕತೆ ಹೇಳಿದರು.

"ಒಂದು ಊರಿನ ಕುಂಬಾರರಿಗೆಲ್ಲ ಸೇರಿ ಒಂದೇ ಆವಿಗೆ. ಅದರೊಳಗೆ ಸುಟ್ಟ ಮಣ್ಣಿನ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಎಲ್ಲರ ಪಾತ್ರೆಗಳನ್ನೂ ಒಟ್ಟಿಗೆ ಸುಡುತ್ತಿದ್ದರು. ಪಾತ್ರೆಗೆ ಬಳಿದ ಮೆರುಗು ಬೆಂಕಿಗೆ ಕರಗಿ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಹದ ತಪ್ಪಿದರೆ ಸುರಿದು ಕೆಳಕ್ಕಿಳಿಯುತ್ತದೆ. ಅದಕ್ಕೇ ಅಲ್ಲೊಂದು ಕಟ್ಟಳೆ ಇತ್ತು. ಪರೀಕ್ಷೆಯಾಗದ ಮೆರುಗಿನ ಪಾತ್ರೆ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿರಬೇಕು. ಸುರಿದರೆ ಮರಳಿನ ಮೇಲೆ ಸುರಿಯಲಿ, ಇನ್ನೊಬ್ಬರ ಪಾತ್ರೆಯ ಮೇಲೆ ಬೇಡ.

"ಅಲ್ಲಿ ಒಬ್ಬ ಕುಂಬಾರನಿಗೆ ನವಿಲಿನ ಕುತ್ತಿಗೆಯ ನೀಲಿ ಬರಿಸುವ ಹಂಬಲ. ತಪ್ಪೇನಲ್ಲ, ಒಳ್ಳೆಯ ಹಂಬಲವೇ. ಬೂದಿ, ಗಾಜಿನ ಪುಡಿ, ತಾಮ್ರದ ಕಿಲುಬು ಬೆರೆಸಿ ಬೆರೆಸಿ ನೋಡಿದ. ಕೆಳಗಿನ ಹಲಗೆಯಲ್ಲಿ ಕಾವು ಸಾಲದೆ ಬಣ್ಣ ಪ್ರತಿಸಲವೂ ಕೊಚ್ಚೆಯ ಹಾಗೆ ಬಂತು. ಐದು ಸಲ ತಾಳಿಕೊಂಡ. ಆರನೆಯ ಸಲ ಆವಿಗೆ ತುಂಬುವ ಸರದಿ ಅವನದೇ ಆಗಿತ್ತು. ಯಾರಿಗೂ ಹೇಳದೆ ತನ್ನ ಪರೀಕ್ಷೆಯ ಹೂಜಿಗಳನ್ನು ಮೇಲಿನ ಹಲಗೆಗೆ ಏರಿಸಿಬಿಟ್ಟ.

"ಅವುಗಳ ಕೆಳಗೆ ಒಬ್ಬ ಮುದುಕಿಯ ಉಪ್ಪಿನಕಾಯಿ ಜಾಡಿಗಳಿದ್ದವು. ಗಂಡ ಸತ್ತ ಮೇಲೆ ತಾನೇ ತಿಗರಿ ತಿರುಗಿಸುತ್ತಿದ್ದವಳು ಆಕೆ. ಮಾವಿನಮಿಡಿಯ ಕಾಲಕ್ಕೆ ಆ ನಲವತ್ತು ಜಾಡಿ ಮಾರಿದರೆ ಅವಳಿಗೆ ವರ್ಷದ ಅನ್ನ.

"ಆವಿಗೆ ತೆರೆದರು. ಒಂದೇ ಒಂದು ಹೂಜಿ ನವಿಲಿನ ನೀಲಿಯಾಗಿ ಬಂದಿತ್ತು. ಉಳಿದವುಗಳ ಮೆರುಗು ಹಲಗೆಯ ಸಂದಿಯಿಂದ ಸುರಿದು, ಮುದುಕಿಯ ಜಾಡಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಹೋದರೆ ಒಡೆದವು. ನನಗೆ ಮೈ ಉರಿಯುವುದು ಇಲ್ಲಿ, ಕೇಳು. ಊರಿಗೆ ಊರೇ ಆ ಹೂಜಿಯ ಸುತ್ತ ನೆರೆದು ಭಲೇ ಭಲೇ ಎಂದಿತು. ಮುದುಕಿಯ ಕಡೆ ಒಬ್ಬನೂ ತಿರುಗಲಿಲ್ಲ.

"ಅವಳೇ ಜನರನ್ನು ತಳ್ಳಿಕೊಂಡು ಬಂದು ಅವನ ಮುಂದೆ ನಿಂತಳು.

"'ಹೊಸ ಬಣ್ಣ ಹುಟ್ಬೇಕಾದ್ರೆ ನಾಲ್ಕು ಜಾಡಿ ಹೋಗ್ತವೆ ಅಜ್ಜಿ. ಊರಿಗೇ ಹೆಸರು ಬಂತಲ್ಲ!' ಎಂದ ಅವನು.

"'ಬರ್ಲಪ್ಪ. ನೀನು ಸಂತೆಗೆ ಹಾಕೋ ಗಡಿಗೆನೂ ಇದೇ ಆವಿಗೇಲಿ ಇದ್ವಲ್ಲ, ಅವನ್ನ ಎಲ್ಲಿಟ್ಟಿದ್ದೆ?'

"ಜನ ಬಗ್ಗಿ ನೋಡಿದರು. ಅವನ ಗಡಿಗೆಗಳು ಆವಿಗೆಯ ಆಚೆ ತುದಿಯಲ್ಲಿದ್ದವು. ಅವುಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಸುರಿಯಬಹುದೆಂದು ಅವನಿಗೆ ಮೊದಲೇ ಗೊತ್ತಿತ್ತು!" ಗುರುಗಳು ಅಂಗೈಯಿಂದ ನೆಲಕ್ಕೆ ಬಡಿದರು.

ಶಿಷ್ಯನಿಗೂ ಸಿಟ್ಟು ಬಂದಿತ್ತು. "ಅಂಥ ನೀಚನನ್ನು ಊರು ಬಿಟ್ಟು ಓಡಿಸಬೇಕಿತ್ತು, ಗುರುಗಳೇ" ಎಂದ.

ಗುರುಗಳು ಹಾಸಿಗೆಯಲ್ಲಿದ್ದವನ ಹಣೆಯ ಬಟ್ಟೆಯನ್ನು ಸರಿಮಾಡಿದರು. ಆಮೇಲೆ ಶಿಷ್ಯನನ್ನು ನೋಡಿ ಕೇಳಿದರು:

"ಇವರು ಹಸಿದಿದ್ದ ಆ ಹನ್ನೊಂದು ದಿನ ನೀನು ಎಲ್ಲಿ ಕೂತು ಉಂಡೆ?"