ನೀಲಿ ಗುಡಾಣದವನ ತೀರ್ಪು

ಕಂದವಳ್ಳಿಯ ನಾಲ್ಕು ಬೀದಿ ಕೂಡುವಲ್ಲಿ ಡಂಗುರದವನು ನಿಂತು ಸಾರಿದ:

“ಸ್ವಂತ ಕಸುಬು ಹೂಡುವವರು ವಿದ್ಯಾಪೀಠದಲ್ಲಿ ಹನ್ನೆರಡು ವರ್ಷ ಓದಿರಲೇಬೇಕೋ, ಓದದಿದ್ದರೂ ನಡೆದೀತೋ ಎಂಬುದು ತೀರ್ಮಾನವಾಗಬೇಕಾಗಿದೆ. ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರ ಮಾತೇ ಕಾನೂನು. ಬಿಡಿಸಲಾರದವರ ತಲೆ ಉಳಿಯುವುದಿಲ್ಲ. ಅಲ್ಲಿಯವರೆಗೆ ಈ ಊರಲ್ಲಿ ಯಾರೂ ಹೊಸ ಅಂಗಡಿ ತೆರೆಯುವಂತಿಲ್ಲ.”

ಅರಸ ಮಲ್ಲಭೂಪನಿಗೆ ಈ ಪ್ರಶ್ನೆ ಯಾಕೆ ಬಂತೆಂದು ಊರಿಗೆಲ್ಲ ಗೊತ್ತಿತ್ತು. ಅವನ ಒಬ್ಬನೇ ಮಗ ಜಯಂತ ಓದು ಅರ್ಧಕ್ಕೆ ಬಿಟ್ಟು ಉಪ್ಪಿನ ವ್ಯಾಪಾರಕ್ಕೆ ಹೊರಟು ನದಿಯ ಪಾಲಾಗಿದ್ದ. ಆಮೇಲೆ ಮೂರು ವರ್ಷ ಅರಸ ಯಾರೊಡನೆಯೂ ಹೆಚ್ಚು ಮಾತಾಡಿರಲಿಲ್ಲ.

ಬಟ್ಟೆಗೆ ನೀಲಿ ಹಾಕುವ ಚೆನ್ನಿಗ ಡಂಗುರ ಕೇಳಿ ಮನೆಗೆ ಬಂದ. ಏಳು ವರ್ಷ ಓದಿದ್ದಾಗ ತಂದೆ ತೀರಿಕೊಂಡಿದ್ದರಿಂದ ಅವನು ವಿದ್ಯಾಪೀಠ ಬಿಟ್ಟು ಕೂಲಿಗೆ ಸೇರಿದ್ದ. ಈಗ ನೀಲಿ ಕದಡುವ ದೊಡ್ಡ ಮಡಕೆ, ಗುಡಾಣ, ತನ್ನದೇ ಒಂದನ್ನು ಹೂಡಬೇಕೆಂದಿದ್ದ.

“ಅರಮನೆಗೆ ಹೋಗ್ತೀನವ್ವಾ,” ಎಂದ.

ತಾಯಿ ದ್ಯಾಮವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ಇನ್ನೊಬ್ಬರ ಗುಡಾಣದಲ್ಲೇ ಕೈ ಅದ್ದಿಕೊಂಡಿರು ಮಗಾ. ತಲೆಯಾದರೂ ಇರ್ತದೆ.”

“ತಲೆ ಇರ್ತದೆ. ಧಣಿ ಹತ್ತು ವರ್ಷದಿಂದ ಒಂದೇ ನೀಲಿ ಹಾಕಿಸ್ತಾನೆ. ನನ್ನ ತಲೆಯೊಳಗೆ ಹದಿನಾಲ್ಕು ನೀಲಿ ಇದಾವೆ. ಅವನ್ನ ಯಾರಿಗೂ ತೋರಿಸದೆ ಸಾಯಬೇಕಾ?”

ಅವಳು ಈಗ ಎದ್ದಳು. ಎರಡು ರೊಟ್ಟಿ ಕಟ್ಟಿಕೊಟ್ಟಳು.

ಆ ದಿನ ಅರಮನೆಗೆ ಮೂವರು ಬಂದಿದ್ದರು. ಮೊದಲಿನವನು ಹನ್ನೆರಡು ವರ್ಷವನ್ನೂ ಓದಿ ಮುಗಿಸಿದ ವಿದ್ಯಾಧರಶಾಸ್ತ್ರಿ. ಅರಸ ಕೇಳಿದ: “ಯಾರೂ ಬರೆಯದ ಪುಸ್ತಕವೊಂದಿದೆ. ಪುಟ ಒಂದೇ, ಗಳಿಗೆಗೊಮ್ಮೆ ಬದಲಾಗುತ್ತದೆ. ಅಂಗಡಿಯವನು ದಿನವೂ ಅದನ್ನು ಓದಬೇಕು. ಯಾವುದದು?”

“ಆಕಾಶ, ಮಹಾಪ್ರಭು. ಅದಕ್ಕೆ ಆಧಾರವಾಗಿ ಏಳು ಶ್ಲೋಕ ಹೇಳಬಲ್ಲೆ.”

“ಅದಲ್ಲ. ಶ್ಲೋಕ ಬೇಡ,” ಎಂದ ಅರಸ. ಶಾಸ್ತ್ರಿಯನ್ನು ಕಾವಲಿನವರು ಪಕ್ಕಕ್ಕೆ ಕರೆದುಕೊಂಡು ಹೋದರು.

ಎರಡನೆಯವನು ದೊಡ್ಡ ವರ್ತಕನ ಮಗ ಪುಟ್ಟಶೆಟ್ಟಿ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. “ಅದು ಗಿರಾಕಿಯ ಮುಖ, ಪ್ರಭು. ಬಾಯಿ ಬೇಡ ಅನ್ನುತ್ತಿದ್ದರೂ ಕಣ್ಣು ಬೇಕು ಅನ್ನುತ್ತಿರುತ್ತದೆ,” ಎಂದು ನಕ್ಕ. ಅರಸ ತಲೆಯಾಡಿಸಿ ಎರಡನೆಯದನ್ನು ಕೇಳಿದ: “ನೂರು ಸಲ ತಪ್ಪು ಮಾಡಿದರೂ ಏನೂ ಹಾಳಾಗದ ಜಾಗ ಯಾವುದು?”

“ನಮ್ಮಪ್ಪನ ಅಂಗಡಿ,” ಎಂದ ಪುಟ್ಟಶೆಟ್ಟಿ.

ಸಭೆಯಲ್ಲಿ ಕೆಲವರು ನಕ್ಕರು. ಅರಸ ನಗಲಿಲ್ಲ. ಪುಟ್ಟಶೆಟ್ಟಿಯೂ ಶಾಸ್ತ್ರಿಯ ಪಕ್ಕಕ್ಕೆ ಹೋಗಿ ನಿಂತ.

ಚೆನ್ನಿಗ ಮುಂದೆ ಬಂದ. ಮೊಣಕೈವರೆಗೆ ನೀಲಿಯಾಗಿದ್ದ ಅವನ ಕೈಗಳನ್ನು ನೋಡಿ ಮಂತ್ರಿ, “ತೊಳೆದುಕೊಂಡು ಬರಬಾರದಿತ್ತೇನಯ್ಯಾ?” ಎಂದ.

“ತೊಳೆದೇ ಬಂದಿದ್ದೀನಿ ಬುದ್ಧಿ.”

ಮೊದಲ ಒಗಟಿಗೆ ಅವನ ಉತ್ತರವೂ ಗಿರಾಕಿಯ ಮುಖವೇ ಆಗಿತ್ತು. ಎರಡನೆಯದಕ್ಕೆ ಹೀಗೆಂದ: “ವಿದ್ಯಾಪೀಠದ ಮರಳಿನ ಹಲಗೆ, ದೊರೆ. ತಪ್ಪು ಬರೆದರೆ ಅಂಗೈಯಿಂದ ಸವರಿ ಮತ್ತೆ ಬರೀತಿದ್ದೆವು. ಗುಡಾಣದಲ್ಲಿ ಒಂದು ಸಲ ಹದ ತಪ್ಪಿದರೆ ನಾಲ್ಕು ಸೀರೆ ಹೋಗ್ತವೆ. ಆ ಹಲಗೆಯ ಬೆಲೆ ನನಗೆ ಗೊತ್ತಾಗಿದ್ದು ಅದನ್ನು ಬಿಟ್ಟ ಮೇಲೆ.”

ಮೂರನೆಯ ಒಗಟು ಅದುವರೆಗೆ ಯಾರ ಕಿವಿಗೂ ಬಿದ್ದಿರಲಿಲ್ಲ. ಅರಸ ಸಿಂಹಾಸನದಿಂದ ಇಳಿದು ಚೆನ್ನಿಗನ ಹತ್ತಿರ ಬಂದು ನಿಂತ. ದನಿ ತಗ್ಗಿತ್ತು.

“ಒಬ್ಬ ತಂದೆ. ಮಗ ಓದು ಬಿಟ್ಟು ವ್ಯಾಪಾರಕ್ಕೆ ಹೊರಟ. ತಂದೆ ಬೇಡ ಎನ್ನಲಿಲ್ಲ. ದೋಣಿ ಮುಳುಗಿತು. ಬಾಗಿಲಿಗೆ ಅಡ್ಡ ನಿಂತಿದ್ದರೆ ಮಗ ಉಳಿಯುತ್ತಿದ್ದನೇ?”

ಚೆನ್ನಿಗ ತನ್ನ ನೀಲಿ ಕೈಗಳನ್ನು ನೋಡಿಕೊಂಡ. ಮಂತ್ರಿ ಕಾವಲಿನವರ ಕಡೆ ನೋಡಿದ. ಹೌದೆಂದರೆ ಅರಸನ ಎದೆ ಒಡೆಯುತ್ತಿತ್ತು. ಇಲ್ಲವೆಂದರೆ ಅದು ತಲೆ ಉಳಿಸಿಕೊಳ್ಳುವ ಮಾತಾಗುತ್ತಿತ್ತು.

“ನನಗೆ ಗೊತ್ತಿಲ್ಲ ದೊರೆ,” ಎಂದ. “ಯಾರಿಗೂ ಗೊತ್ತಿಲ್ಲ. ಪೂರ್ತಿ ಓದಿದವರ ದೋಣಿ ಮುಳುಗಿದ್ದೂ ಇದೆ, ಓದದವರದು ದಡ ಸೇರಿದ್ದೂ ಇದೆ. ಗೊತ್ತು ಅಂದವನು ನಿಮಗೆ ಸುಳ್ಳು ಹೇಳಿದ ಹಾಗೆ. ಹೊರಡುವಾಗ ಅವರು ಹೇಗಿದ್ದರು?”

“ನಗುತ್ತಿದ್ದ,” ಎಂದ ಅರಸ. “ತಿರುಗಿ ನೋಡಿ ಕೈ ಬೀಸಿದ.”

“ಹಾಗಾದರೆ ನೀವು ಅವರನ್ನು ದೂಡಲಿಲ್ಲ. ಕಳಿಸಿಕೊಟ್ಟಿರಿ. ನನಗೆ ಗೊತ್ತಿರುವುದು ಅಷ್ಟೇ.”

ಅರಸ ಮುಖ ತಿರುಗಿಸಿಕೊಂಡು ನಿಂತ. ಮತ್ತೆ ಇತ್ತ ತಿರುಗಿದಾಗ, “ಮೂರು ವರ್ಷದಿಂದ ಎಲ್ಲರೂ ನಾನು ಕೇಳದಿದ್ದರೂ ನನಗೆ ಉತ್ತರ ಹೇಳುತ್ತಲೇ ಬಂದರು. ನೀನೊಬ್ಬ ಹೇಳಲಿಲ್ಲ. ಒಗಟು ಬಿಡಿಸಿದ್ದೀಯ. ನಿನ್ನ ಕಾನೂನು ಹೇಳು,” ಎಂದ.

“ನೀಲಿಯಲ್ಲಿ ಅದ್ದಿದ ಬಟ್ಟೆ ಗುಡಾಣದಿಂದ ಹೊರಗೆ ಬಂದಾಗ ಹಸಿರಾಗಿರ್ತದೆ ದೊರೆ. ಗಾಳಿ ತಗುಲಿದ ಮೇಲೆಯೇ ನೀಲಿ. ಒಳಗೇ ಇಟ್ಟರೆ ಬಣ್ಣ ಕಾಣಲ್ಲ, ಅದ್ದದೇ ಗಾಳಿಗೆ ಹಿಡಿದರೆ ಬಣ್ಣವೇ ಇಲ್ಲ. ಒಂದು ಸಲ ಅದ್ದಿದರೂ ಸಾಲದು. ಅದ್ದಬೇಕು, ಆರಿಸಬೇಕು, ಮತ್ತೆ ಅದ್ದಬೇಕು. ಅಂಗಡಿ ತೆರೆಯುವವರನ್ನು ಎಷ್ಟು ವರ್ಷ ಓದಿದೆ ಅಂತ ತಡೀಬೇಡಿ. ಓದು ಬಿಟ್ಟು ಹೋದವರು ಯಾವ ವಯಸ್ಸಿನಲ್ಲಿ ತಿರುಗಿ ಬಂದರೂ ವಿದ್ಯಾಪೀಠದ ಬಾಗಿಲು ತೆರೆದಿರಲಿ. ಈಗಿನ ಕಟ್ಟಳೆಯಲ್ಲಿ ಓದು ಬಿಟ್ಟವರು ಮತ್ತೆ ಸೇರುವ ಹಾಗಿಲ್ಲ.”

“ಆಗಲಿ. ನಿನಗೇನು ಬೇಕು?”

“ಸಂತೆಬೀದಿಯಲ್ಲಿ ಗುಡಾಣ ಹೂಳಲು ಒಂದಿಷ್ಟು ಜಾಗ. ಮತ್ತೆ ಇವರಿಬ್ಬರ ತಲೆ. ಶಾಸ್ತ್ರಿಗಳಿಗೆ ಸಂತೆ ಗೊತ್ತಿಲ್ಲ, ಶೆಟ್ಟರಿಗೆ ಶಾಲೆ ಗೊತ್ತಿಲ್ಲ. ಅದು ಸಾಯುವಂಥ ತಪ್ಪಲ್ಲ.”

ಅರಸ ಇಬ್ಬರನ್ನೂ ಬಿಡಿಸಿದ.

ಹೊಸ ಕಾನೂನಿನಂತೆ ಮೊದಲು ವಿದ್ಯಾಪೀಠಕ್ಕೆ ತಿರುಗಿ ಬಂದವನು ಚೆನ್ನಿಗನೇ. ಬೆಳಗ್ಗೆ ಓದು, ಮಧ್ಯಾಹ್ನದಿಂದ ಗುಡಾಣ ಎಂದು ಗೊತ್ತು ಮಾಡಿಕೊಂಡಿದ್ದ. ಅವನನ್ನು ತಾನೇ ಕರೆತಂದ ಅರಸ ಎಂಟನೆಯ ವರ್ಷದವರ ಕೋಣೆಯ ಹೊಸ್ತಿಲಲ್ಲಿ ನಿಂತ. ಕಿಟಕಿಯ ಪಕ್ಕದಲ್ಲಿ ಜಯಂತ ಕೂರುತ್ತಿದ್ದ ಮಣೆ ಖಾಲಿಯಿತ್ತು. ಗುರುಗಳು ಮೂರು ವರ್ಷದಿಂದ ಅಲ್ಲಿ ಯಾರನ್ನೂ ಕೂರಿಸಿರಲಿಲ್ಲ.

ಅರಸ ಒಳಗೆ ಬಂದು ಹೊದ್ದಿದ್ದ ಶಲ್ಯದ ಅಂಚಿನಿಂದ ಅದರ ಧೂಳು ಒರೆಸಿದ.

“ಇಲ್ಲಿ ಕೂತುಕೋ ಮಗು,” ಎಂದ. “ಇಲ್ಲಿ ಬೆಳಕು ಚೆನ್ನಾಗಿ ಬರುತ್ತದಂತೆ. ಅವನು ಹೇಳುತ್ತಿದ್ದ.”