ಆರು ದಿನ ಮೇಜಿನ ಮೇಲೆ ಉಳಿದ ಪುಸ್ತಕಗಳು

“ಅಮ್ಮ, ಯಾರೂ ಮುಟ್ಟದ ಪುಸ್ತಕಗಳನ್ನು ಇಟ್ಟುಕೊಂಡು ಏನು ಪ್ರಯೋಜನ?” ಎಂದು ಶಿಷ್ಯ ಕೇಳಿದ.

ಗುರುತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, “ಯಾವ ಪುಸ್ತಕ?” ಎಂದರು.

“ನಮ್ಮ ಓದುಕೋಣೆಯವು. ವಿಶ್ವವಿದ್ಯಾಲಯದ ಹುಡುಗರು ಬಂದು ಓದಲಿ ಎಂದು ನೀವು ಇಟ್ಟಿದ್ದೀರಿ. ನಾನು ಬಂದು ಮೂರು ತಿಂಗಳಾಯಿತು. ಸಂಜೆ ಅವರು ಬರುವ ಹೊತ್ತಿಗೆ ನನಗೆ ಅಡುಗೆಮನೆಯ ಕೆಲಸ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಕಸ ಗುಡಿಸಲು ಹೋಗುತ್ತೇನಲ್ಲ, ಒಂದು ಪುಸ್ತಕವಾದರೂ ಜಾಗ ಬಿಟ್ಟು ಕದಲಿದ್ದನ್ನು ಕಂಡಿಲ್ಲ. ಕಪಾಟು ತೆಗೆದರೆ ಇನ್ನೂ ಇಪ್ಪತ್ತು ಜನ ಕೂರಬಹುದು. ಪುಸ್ತಕ ಬೇಕೆಂದರೆ ಎಲ್ಲರ ಕೈಯಲ್ಲೂ ಫೋನಿದೆ.”

ಗುರುತಾಯಿ ಮೊರವನ್ನು ಪಕ್ಕಕ್ಕೆ ಇಟ್ಟರು. “ಕೂತುಕೋ” ಎಂದು ಹೇಳಿ ಕತೆ ಶುರು ಮಾಡಿದರು.

ಒಂದು ವಿಶ್ವವಿದ್ಯಾಲಯ. ಅದಕ್ಕೊಂದು ಗ್ರಂಥಾಲಯ. ಅದರ ಎರಡನೆಯ ಮಹಡಿಯಲ್ಲಿ ದಪ್ಪ ದಪ್ಪ ಪುಸ್ತಕಗಳು, ನಲವತ್ತು ಮೇಜುಗಳು. ಗೋಡೆಯ ಮೇಲೆ ಒಂದು ಫಲಕ: ‘ಓದಿದ ಪುಸ್ತಕವನ್ನು ನೀವೇ ಕಪಾಟಿಗೆ ಇಡಬೇಡಿ. ಮೇಜಿನ ಮೇಲೆ ಬಿಡಿ.’ ಸಾವಿರಾರು ಪುಸ್ತಕಗಳ ನಡುವೆ ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದಂತೆಯೇ. ಅದಕ್ಕಾಗಿ ಆ ಫಲಕ.

ಮೇಜಿನ ಮೇಲೆ ಬಿಟ್ಟದ್ದನ್ನು ಎತ್ತಿಡಲು ಒಬ್ಬ ಹೆಂಗಸು ಇದ್ದಳು. ಅವಳು ಅಲ್ಲಿಗೆ ಮೊದಲು ಬಂದದ್ದು ನೆಲ ಒರೆಸಲು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳನ್ನು ನೋಡಿ ನೋಡಿ ಅಂಕಿ ಕಲಿತಳು. ಅಂಕಿಯ ಮೇಲಿದ್ದ ಹೆಸರುಗಳನ್ನು ನೋಡಿ ನೋಡಿ ಅಕ್ಷರ ಕಲಿತಳು. ಆಮೇಲೆ ಬೆನ್ನು ಸಾಲದೆ ಪುಸ್ತಕ ಬಿಡಿಸಿದಳು. ಅವಳಿಗೆ ಯಾರೂ ಕಲಿಸಲಿಲ್ಲ. ಕಲಿತಳೆಂದು ಯಾರಿಗೂ ತಿಳಿಯಲೂ ಇಲ್ಲ.

ಅವಳಿಗೆ ಒಂದು ಜಂಬ ಇತ್ತು. “ನನ್ನ ಮಹಡಿಯಲ್ಲಿ ಒಂದೇ ಒಂದು ಪುಸ್ತಕ ತಪ್ಪು ಜಾಗದಲ್ಲಿದ್ದರೆ ತೋರಿಸಿ” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬರುತ್ತಿದ್ದಳು. ಹಿಂದಿನ ದಿನ ಮೇಜಿನ ಮೇಲೆ ಉಳಿದದ್ದನ್ನೆಲ್ಲ ಒಂಬತ್ತಕ್ಕೆ ಮುಂಚೆ ಎತ್ತಿಟ್ಟು, ಬೆನ್ನುಗಳನ್ನು ಅಂಗೈಯಲ್ಲಿ ಒತ್ತಿ ಸಾಲು ಮಾಡುತ್ತಿದ್ದಳು.

ಒಂದು ದಿನ ಹೊಸ ಅಧಿಕಾರಿ ಬಂದ. ಬಂದಾಗ ಗಂಟೆ ಒಂಬತ್ತು. ಮೇಜುಗಳು ಖಾಲಿ. ಕಪಾಟುಗಳು ತುಂಬಿದ್ದವು. ಅವನು ಒಂದು ಪುಸ್ತಕ ತೆಗೆದು ಕೊನೆಯ ಹಾಳೆ ನೋಡಿದ. ಮನೆಗೆ ಒಯ್ದವರ ದಿನಾಂಕಕ್ಕೆ ಸೀಲು ಒತ್ತುವ ಚೀಟಿ ಅಲ್ಲಿರುತ್ತದೆ. ಚೀಟಿ ಖಾಲಿ. ಇನ್ನೊಂದು ತೆಗೆದ. ಅದೂ ಖಾಲಿ. ಹತ್ತು ತೆಗೆದ. ಎಂಟರಲ್ಲಿ ಸೀಲು ಇರಲಿಲ್ಲ.

“ಇವು ಸತ್ತ ಪುಸ್ತಕಗಳು” ಎಂದ. “ಐದು ವರ್ಷದಿಂದ ಸೀಲು ಬೀಳದ್ದನ್ನೆಲ್ಲ ಪಟ್ಟಿ ಮಾಡಿ. ಮುಂದಿನ ಸೋಮವಾರ ರದ್ದಿಯವನ ಲಾರಿ ಬರುತ್ತದೆ. ಇಲ್ಲಿ ಕಂಪ್ಯೂಟರ್ ಹಾಕಿಸೋಣ.”

ಗ್ರಂಥಪಾಲ ಒಳ್ಳೆಯವನು, ಆದರೆ ಅಂಜುವವನು. ಪಟ್ಟಿ ಮಾಡಿದ. ಮೂರು ಸಾವಿರ ಪುಸ್ತಕಗಳಾದವು.

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಅಧಿಕಾರಿಯ ಮುಂದೆ ನಿಂತಳು. “ಸ್ವಾಮಿ, ಇವು ದಪ್ಪ ಪುಸ್ತಕ. ಒಬ್ಬೊಬ್ಬರಿಗೆ ಒಂದೇ ಸಲಕ್ಕೆ ನಾಲ್ಕೈದು ಬೇಕಾಗುತ್ತವೆ. ಮನೆಗೆ ಕೊಡುವುದು ಎರಡೇ. ಅದಕ್ಕೇ ಇಲ್ಲೇ ಕೂತು ಓದುತ್ತಾರೆ. ಇಲ್ಲಿ ಓದಿದ್ದಕ್ಕೆ ಯಾರೂ ಸೀಲು ಒತ್ತುವುದಿಲ್ಲ.”

“ನೀನು ಹೇಳಿದ್ದನ್ನು ಕಡತಕ್ಕೆ ಅಂಟಿಸಲೇನಮ್ಮ?” ಎಂದು ಅಧಿಕಾರಿ ನಕ್ಕ. “ಸೀಲು ಇದ್ದರೆ ತೋರಿಸು. ಓದಲು ಬಾರದವಳು ಪುಸ್ತಕಕ್ಕೆ ವಕೀಲಳು!”

ಅವಳು ತನಗೆ ಓದು ಬರುತ್ತದೆ ಎಂದು ಹೇಳಲಿಲ್ಲ. ಮಹಡಿಗೆ ಹಿಂದಿರುಗಿ ಕಪಾಟುಗಳ ನಡುವೆ ನಿಂತಳು. ಪುಸ್ತಕಗಳು ಸಾಲು ಸಾಲಾಗಿ, ನೆಟ್ಟಗೆ, ಹೊಸವುಗಳಂತೆ ನಿಂತಿದ್ದವು. ಯಾರೂ ಮುಟ್ಟಿಲ್ಲದಂತೆ ಕಾಣುತ್ತಿದ್ದವು. ಹಾಗೆ ಕಾಣುವಂತೆ ಮಾಡಿದವಳು ತಾನೇ ಎಂದು ಆಗ ಅವಳಿಗೆ ಹೊಳೆಯಿತು. ಇಪ್ಪತ್ತೆರಡು ವರ್ಷ ಪ್ರತಿ ಬೆಳಿಗ್ಗೆ ಅವಳು ಓದುಗರ ಗುರುತನ್ನೆಲ್ಲ ಅಳಿಸಿಹಾಕಿದ್ದಳು.

ಅವಳು ಗ್ರಂಥಪಾಲನ ಬಳಿ ಹೋಗಿ, “ಸಾರ್, ಸೋಮವಾರದವರೆಗೆ ನಾನು ಪುಸ್ತಕ ಎತ್ತಿಡುವುದಿಲ್ಲ” ಎಂದಳು.

“ಹುಚ್ಚು ಹಿಡಿದಿದೆಯೇ? ಕೆಲಸ ಹೋಗುತ್ತದೆ.”

“ಪುಸ್ತಕವೇ ಹೋದ ಮೇಲೆ ಎತ್ತಿಡುವ ಕೆಲಸ ಎಲ್ಲಿ ಉಳಿಯುತ್ತದೆ ಸಾರ್?”

ಗ್ರಂಥಪಾಲ ಆ ವಾರ ಎರಡನೆಯ ಮಹಡಿ ಹತ್ತಲಿಲ್ಲ.

ಮೊದಲ ದಿನ ಮುಗಿದಾಗ ಮೇಜುಗಳ ಮೇಲೆ ಅಲ್ಲೊಂದು ಇಲ್ಲೊಂದು ರಾಶಿ. ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನೋಡಿದಳು. ಎರಡನೆಯ ದಿನ ರಾಶಿಗಳು ಎತ್ತರವಾದವು. ಓರೆಯಾಗಿ ಬಿದ್ದ ಪುಸ್ತಕ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಸಲ ಎದ್ದು ಹೋಗಿ, ಪುಸ್ತಕ ಕೈಗೆತ್ತಿಕೊಂಡು, ಮತ್ತೆ ಅಲ್ಲೇ ಇಟ್ಟು ಬಂದಳು.

ಮೂರನೆಯ ದಿನ ವಿದ್ಯಾರ್ಥಿಗಳು ಗೊಣಗತೊಡಗಿದರು.

“ಅಕ್ಕಾ, ಮಣ್ಣಿನ ಪರೀಕ್ಷೆಯ ಪುಸ್ತಕ ಜಾಗದಲ್ಲಿ ಇಲ್ಲ.”

“ಯಾರು ಓದಿದರೋ ಅವರ ಮೇಜಿನ ಮೇಲೆ ಇದೆ. ಹುಡುಕಿಕೋ.”

“ನಿಮಗೆ ಹುಷಾರಿಲ್ಲವೇ? ನಾವೇ ಎತ್ತಿಡುತ್ತೇವೆ ಬಿಡಿ.”

“ಒಂದನ್ನು ಎತ್ತಿಟ್ಟರೂ ಈ ಮಹಡಿಗೆ ಕಾಲಿಡಲು ಬಿಡುವುದಿಲ್ಲ” ಎಂದಳು. ಲಾರಿ ಬರುವ ವಿಷಯ ಹೇಳಿದಳು. ಇನ್ನೊಂದು ಮಾತನ್ನೂ ಹೇಳಿದಳು: “ಓದದ ಪುಸ್ತಕವನ್ನು ಮೇಜಿಗೆ ತರಬೇಡಿ. ನಿಮ್ಮ ಸುಳ್ಳು ನನಗೆ ಬೇಡ.”

ಆರನೆಯ ದಿನಕ್ಕೆ ನಲವತ್ತು ಮೇಜುಗಳೂ ತುಂಬಿದವು. ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಓದಿದರು. ಕಪಾಟುಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದುಗಳು.

ಸೋಮವಾರ ಗೇಟಿನ ಬಳಿ ಲಾರಿ ಬಂದು ನಿಂತಿತು. ಅಧಿಕಾರಿ ಪಟ್ಟಿ ಹಿಡಿದು ಮಹಡಿ ಹತ್ತಿದ. ಬಾಗಿಲಲ್ಲೇ ನಿಂತುಬಿಟ್ಟ.

“ಏನಿದು ಸಂತೆ?”

“ನಿಮ್ಮ ಸತ್ತ ಪುಸ್ತಕಗಳು ಸ್ವಾಮಿ. ಎದ್ದು ಬಂದಿವೆ” ಎಂದಳು ಹೆಂಗಸು. “ಪಟ್ಟಿಯಲ್ಲಿ ಇರುವುದರಲ್ಲಿ ಎಂಟುನೂರ ಹದಿನಾಲ್ಕು ಈ ಮೇಜುಗಳ ಮೇಲಿವೆ. ಹೋಲಿಸಿ ನೋಡಿದ್ದೇನೆ. ಇದು ಆರು ದಿನದ್ದು. ವರ್ಷಕ್ಕೆ ಎಷ್ಟಾಗುತ್ತದೆ ನೀವೇ ಹೇಳಿ.”

“ನೀನೇ ಇಳಿಸಿ ಇಟ್ಟಿದ್ದೀಯ.”

“ಒಂದನ್ನು ಎತ್ತಿಕೊಳ್ಳಿ. ಯಾವುದಾದರೂ ಸರಿ. ಕೇಳಿ.”

ಅಧಿಕಾರಿ ಒಂದು ರಾಶಿಯ ನಡುವಿನಿಂದ ದಪ್ಪ ಪುಸ್ತಕ ಎಳೆದ. ಅದರ ಹೆಸರು ಓದಿ, “ಇದನ್ನು ಓದಿದವರು ಯಾರು?” ಎಂದು ಕೂಗಿದ. ಅವನ ದನಿಯಲ್ಲಿ ಇನ್ನೂ ನಗು ಇತ್ತು.

ಕಿಟಕಿಯ ಬಳಿ ನೆಲದ ಮೇಲೆ ಕೂತಿದ್ದ ಹುಡುಗಿ ಎದ್ದಳು. “ನಾನು ಸಾರ್. ಇನ್ನೂರ ಹನ್ನೊಂದನೆಯ ಪುಟ. ಬಲಗಡೆ, ಕೆಳಗೆ, ನದಿಯ ನಕ್ಷೆ ಇದೆ. ಅದರ ಅಡಿಯ ನಾಲ್ಕು ಸಾಲು ನನಗೆ ಬೇಕಾಗಿತ್ತು.”

ಅಧಿಕಾರಿ ಪುಟ ತೆರೆದ. ಬಲಗಡೆ, ಕೆಳಗೆ, ನದಿಯ ನಕ್ಷೆ. ಅಡಿಯಲ್ಲಿ ನಾಲ್ಕು ಸಾಲು.

“ಇದನ್ನು ಫೋನಿನಲ್ಲಿ ಹುಡುಕಲು ಆಗುತ್ತಿರಲಿಲ್ಲವೇ?”

“ಫೋನಿನಲ್ಲಿ ನಾನು ಹುಡುಕಿದ್ದು ಸಿಗುತ್ತದೆ ಸಾರ್. ಈ ಪುಸ್ತಕ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಹುಡುಕುತ್ತಿದ್ದ ಪುಸ್ತಕದ ಪಕ್ಕದಲ್ಲಿ ನಿಂತಿತ್ತು.”

ಅಧಿಕಾರಿ ಇನ್ನೊಂದು ಪುಸ್ತಕ ಎಳೆದ. ಇನ್ನೊಂದು ದನಿ ಪುಟ ಹೇಳಿತು. ಮೂರನೆಯದಕ್ಕೆ ಇಬ್ಬರು ಒಟ್ಟಿಗೆ ಎದ್ದರು. ಪುಟ ಯಾವುದೆಂದು ಅವರವರಲ್ಲೇ ಜಗಳವಾಯಿತು. ನಾಲ್ಕನೆಯದಕ್ಕೆ ಯಾರೂ ಏಳಲಿಲ್ಲ.

“ನೋಡು!” ಎಂದ ಅಧಿಕಾರಿ.

“ಅದು ನನ್ನದು” ಎಂದಳು ಹೆಂಗಸು. “ತೊಂಬತ್ತಾರನೆಯ ಪುಟದಲ್ಲಿದ್ದೇನೆ. ಸ್ಟೂಲಿನ ಮೇಲೆ ಸುಮ್ಮನೆ ಕೂತು ಅಭ್ಯಾಸವಿಲ್ಲ ನನಗೆ.” ಆ ಪುಟದ ಮೊದಲ ಸಾಲನ್ನು ನೋಡದೆ ಹೇಳಿದಳು.

ಅಧಿಕಾರಿ ಪುಟ ತೆರೆದು ನೋಡಿದ. ಮುಚ್ಚಿದ. ಆಮೇಲೆ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಕೆಳಗೆ ಇಳಿದ. ಕಿಟಕಿಯಿಂದ ಎಲ್ಲರೂ ನೋಡಿದರು. ಲಾರಿ ಹಿಂದಕ್ಕೆ ಹೊರಳಿತು. ಖಾಲಿ ಬಂದದ್ದು ಖಾಲಿಯೇ ಹೋಯಿತು.

ಮಹಡಿಯೆಲ್ಲ ಚಪ್ಪಾಳೆ. ಗ್ರಂಥಾಲಯದಲ್ಲಿ ಚಪ್ಪಾಳೆ ತಟ್ಟಬಾರದು. ಆ ದಿನ ತಟ್ಟಿದರು. ಓಡಿ ಬಂದ ಗ್ರಂಥಪಾಲನೂ ತಟ್ಟಿದ.

ಆಮೇಲೆ ವಿದ್ಯಾರ್ಥಿಗಳು, “ಅಕ್ಕಾ, ಇಷ್ಟನ್ನೂ ಒಬ್ಬರೇ ಎತ್ತಿಡಬೇಡಿ, ನಾವೂ ಕೈ ಹಾಕುತ್ತೇವೆ” ಎಂದು ರಾಶಿಗಳ ಕಡೆ ನುಗ್ಗಿದರು.

ಅವಳು ಅಡ್ಡ ನಿಂತು ಗೋಡೆಯ ಫಲಕದ ಕಡೆ ಕೈ ತೋರಿಸಿದಳು. “ಮುಟ್ಟಬೇಡಿ. ಅಲ್ಲಿ ಏನು ಬರೆದಿದೆ? ಓದಲು ಬರುವುದಿಲ್ಲವೇ ನಿಮಗೆ?”

ಎಲ್ಲವನ್ನೂ ಎತ್ತಿಡಲು ಅವಳಿಗೆ ಎರಡು ದಿನ ಹಿಡಿಯಿತು. ಒಂದೂ ತಪ್ಪು ಜಾಗಕ್ಕೆ ಹೋಗಲಿಲ್ಲ. ಆದರೆ ಈ ಸಲ ಎತ್ತಿಡುವ ಮೊದಲು ಪ್ರತಿ ಪುಸ್ತಕದ ಕೊನೆಯ ಚೀಟಿಯಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದಳು. ಅಂದಿನಿಂದ ಆ ಗ್ರಂಥಾಲಯದಲ್ಲಿ ಅದೇ ಪದ್ಧತಿ. ಮೇಜಿನ ಮೇಲೆ ಒಂದು ಸಲ ಉಳಿದರೆ ಒಂದು ಗೀಟು. ವರ್ಷದ ಕೊನೆಗೆ ಕೆಲವು ಚೀಟಿಗಳಲ್ಲಿ ಗೀಟು ಎಳೆಯಲು ಜಾಗ ಉಳಿದಿರಲಿಲ್ಲ.

ಇಷ್ಟು ಹೇಳಿ ಗುರುತಾಯಿ ಮತ್ತೆ ಮೊರವನ್ನು ಮಡಿಲಿಗೆ ಎಳೆದುಕೊಂಡರು.

ಶಿಷ್ಯನಿಗೆ ಕತೆ ಹಿಡಿಸಿತ್ತು. ಆದರೂ ಬಿಡಲಿಲ್ಲ. “ಅದು ದೊಡ್ಡ ಗ್ರಂಥಾಲಯ, ಅಮ್ಮ. ಅಲ್ಲಿ ಎತ್ತಿಡಲು ಒಬ್ಬಳು ಇದ್ದಳು. ನಮ್ಮಲ್ಲಿ ಅಂಥವರು ಯಾರೂ ಇಲ್ಲ. ಆದರೂ ನಾನು ಎಂಟಕ್ಕೆ ಹೋದಾಗ ಎಲ್ಲ ಪುಸ್ತಕವೂ ಸಾಲಾಗಿಯೇ ನಿಂತಿರುತ್ತದೆ.”

“ನಾನು ಆರಕ್ಕೆ ಹೋಗುತ್ತೇನೆ” ಎಂದರು ಗುರುತಾಯಿ.